ಹತ್ತರಿಂದ ಹನ್ನೆರಡರವರೆಗೆ ಅಲ್ಲಿ ಏನು ನಡೆಯುತ್ತದೆ?

ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಅಂಗನವಾಡಿ ಮತ್ತು ಸರಕಾರಿ ಎಲ್‌ಕೆಜಿಗಳನ್ನು ಹೋಲಿಸಿ ನೋಡಲು ಹೆತ್ತವರಿಗೊಂದು ಕೈಪಿಡಿ

ಎಪ್ರಿಲ್ ಮುಗಿಯುವ ಹೊತ್ತಿಗೆ ಪುತ್ತೂರಿನ ಬಸ್‌ನಿಲ್ದಾಣದ ಸುತ್ತ, ಸುಳ್ಯದ ಮುಖ್ಯರಸ್ತೆಯ ಇಕ್ಕೆಲದಲ್ಲಿ, ಕಡಬದ ಪೇಟೆಯಲ್ಲಿ ‘ಪ್ರವೇಶಾತಿ ಆರಂಭ’ ಎಂಬ ಬ್ಯಾನರುಗಳು ಏಳುತ್ತವೆ. ಮೂರು ತುಂಬಿದ ಮಗು ಇರುವ ಮನೆಯಲ್ಲಿ ಆ ದಿನಗಳಲ್ಲಿ ಮಾತೆಲ್ಲ ಒಂದೇ: ‘ಎಲ್ಲಿಗೆ ಹಾಕುವುದು?’ ತೋಟದಾಚೆಯ ಅಂಗನವಾಡಿಯೇ ಸಾಕು ಎಂದು ಅಜ್ಜಿ ಹೇಳುತ್ತಾರೆ. ಸರಕಾರಿ ಶಾಲೆಯಲ್ಲೇ ಎಲ್‌ಕೆಜಿ ಶುರುವಾಗಿದೆಯಂತೆ ಎಂದು ಚಿಕ್ಕಪ್ಪ ಸುದ್ದಿ ತರುತ್ತಾನೆ. ಪಕ್ಕದ ಮನೆಯ ಮಗು ಆಗಲೇ ಓಮ್ನಿ ಹತ್ತಿ ಪೇಟೆಗೆ ಹೋಗುತ್ತಿದೆ.

ಮನೆಯ ಹತ್ತಿರದಲ್ಲಿ, ದುಡ್ಡಿಲ್ಲದೆ ಅಥವಾ ಸ್ವಲ್ಪ ದುಡ್ಡಿನಲ್ಲಿ ಸಿಗುವ ಸರಕಾರಿ ವ್ಯವಸ್ಥೆಗಳು ಯಾವುವು, ಅವುಗಳಲ್ಲಿ ನಮ್ಮ ಮಗುವಿಗೆ ಹೊಂದುವುದನ್ನು ಕಂಡುಕೊಳ್ಳುವುದು ಹೇಗೆ ಎಂಬುದಷ್ಟೇ ಈ ಲೇಖನದ ವಿಷಯ. ನನ್ನ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಬೋರ್ಡು, ಗೋಡೆಯ ಬಣ್ಣ, ಸಮವಸ್ತ್ರ, ಇಂಗ್ಲಿಷ್ ರೈಮ್ಸ್ ಇವುಗಳಿಂದ ಹೋಲಿಕೆ ಶುರು ಮಾಡಿದರೆ ದಾರಿ ತಪ್ಪುತ್ತದೆ. ಬೆಳಗ್ಗೆ 10ರಿಂದ 12ರವರೆಗೆ ಟೀಚರ್ ಮಕ್ಕಳೊಟ್ಟಿಗೆ ಏನು ಮಾಡುತ್ತಾರೆ ಎಂಬುದನ್ನು ಕಣ್ಣಾರೆ ನೋಡಬೇಕು. ದಾರಿ, ಊಟ, ದುಡ್ಡು ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೆ ಮಗುವಿನ ಕಲಿಕೆ ನಿಂತಿರುವುದು ಆ ಎರಡು ಗಂಟೆಯ ಮೇಲೆ.

ನಮ್ಮಲ್ಲಿ ಏನೇನು ಇದೆ?

ಮೊದಲನೆಯದು ಅಂಗನವಾಡಿ. ಅದರ ಬೇರಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದಲ್ಲಿ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಆಗ ಪ್ರಯೋಗಕ್ಕೆ ಆರಿಸಿದ 33 ಕಡೆಗಳಲ್ಲಿ ಕರ್ನಾಟಕದ ತಿ. ನರಸೀಪುರವೂ ಒಂದು. ಇಂದು ದಕ್ಷಿಣ ಕನ್ನಡ ಜಿಲ್ಲೆಯೊಂದರಲ್ಲೇ ಎರಡು ಸಾವಿರಕ್ಕೂ ಹೆಚ್ಚು ಅಂಗನವಾಡಿಗಳಿವೆ. ಸಾಮಾನ್ಯವಾಗಿ 400ರಿಂದ 800 ಜನಕ್ಕೆ ಒಂದು ಕೇಂದ್ರ ಎಂಬುದು ನಿಯಮ. ಗುಡ್ಡಗಾಡಿನಲ್ಲಿ 300 ಜನರಿದ್ದರೂ ಕೊಡಬಹುದು. ಹಾಗಾಗಿ ಸುಳ್ಯ, ಕಡಬದ ಒಳನಾಡಿನಲ್ಲಿ ಶಾಲೆ ಇಲ್ಲದ ಕಡೆಯೂ ಅಂಗನವಾಡಿ ಇರುತ್ತದೆ. ಮೂರರಿಂದ ಆರು ವರ್ಷದ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ ಇರುತ್ತಾರೆ. ಇದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಕೆಳಗೆ ಬರುತ್ತದೆ.

ಎರಡನೆಯದು ಕರ್ನಾಟಕ ಪಬ್ಲಿಕ್ ಶಾಲೆಯ (ಕೆಪಿಎಸ್) ಎಲ್‌ಕೆಜಿ, ಯುಕೆಜಿ. 2018-19ರಲ್ಲಿ ರಾಜ್ಯದ 176 ಕಡೆ ಶುರುವಾದ ಈ ಶಾಲೆಗಳ ಯೋಚನೆಯೇ ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಅಂಗಳದಲ್ಲಿ ಓದು ಎಂಬುದು. ಪುತ್ತೂರು ತಾಲೂಕಿನ ಕೆಯ್ಯೂರು, ಸುಳ್ಯ ತಾಲೂಕಿನ ಬೆಳ್ಳಾರೆ ಕೆಪಿಎಸ್‌ಗಳು ನಮ್ಮ ಸುತ್ತಿನವರಿಗೆ ಪರಿಚಿತ. ಇವು ಶಾಲಾ ಶಿಕ್ಷಣ ಇಲಾಖೆಗೆ ಸೇರಿದವು.

ಮೂರನೆಯದು ಊರವರೇ ನಿಲ್ಲಿಸಿದ ಎಲ್‌ಕೆಜಿ. ಸರಕಾರಿ ಶಾಲೆಯ ಮಕ್ಕಳ ಸಂಖ್ಯೆ ಇಳಿಯುತ್ತಿರುವುದನ್ನು ಕಂಡು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ), ಹಳೆ ವಿದ್ಯಾರ್ಥಿಗಳು, ದಾನಿಗಳು ಸೇರಿ ಒಂದು ಕೊಠಡಿ ಸಜ್ಜು ಮಾಡಿ, ಗೌರವ ಶಿಕ್ಷಕಿಯೊಬ್ಬರನ್ನು ನೇಮಿಸಿ ನಡೆಸುವ ತರಗತಿ ಇದು. ಕಟ್ಟಡ ಸರಕಾರದ್ದು, ಟೀಚರ ಸಂಬಳ ಊರಿನದು. ಕರಾವಳಿಯಲ್ಲಿ ಕನ್ನಡ ಶಾಲೆ ಉಳಿಸುವ ಆಸೆಯಿಂದ ಹುಟ್ಟಿದ ಇಂಥ ತರಗತಿಗಳಲ್ಲಿ ಬಹಳ ಚೆನ್ನಾಗಿ ನಡೆಯುವವೂ ಇವೆ. ದಾನಿ ಹಿಂದೆ ಸರಿದ ಕೂಡಲೇ ತತ್ತರಿಸುವವೂ ಇವೆ.

ಇನ್ನೂ ಚಿಕ್ಕ ಮಕ್ಕಳಿಗೆ ‘ಕೂಸಿನ ಮನೆ’ ಇದೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗೆಂದು 2023-24ರ ಬಜೆಟ್‌ನಲ್ಲಿ 4,000 ಗ್ರಾಮ ಪಂಚಾಯತ್‌ಗಳಿಗೆ ಘೋಷಿಸಿದ ಶಿಶುಪಾಲನಾ ಕೇಂದ್ರ ಇದು. ನಿಮ್ಮ ಪಂಚಾಯತ್‌ನಲ್ಲಿ ಇದ್ದರೆ, ಮೂರು ತುಂಬದ ಮಗುವನ್ನು ಬಿಟ್ಟು ಕೆಲಸಕ್ಕೆ ಹೋಗಬೇಕಾದವರು ಮೊದಲು ಅಲ್ಲಿ ವಿಚಾರಿಸಿ.

ವಯಸ್ಸಿನ ಲೆಕ್ಕ ಮೊದಲು

ಎಷ್ಟೋ ಮನೆಗಳಲ್ಲಿ ಗಡಿಬಿಡಿ ಹುಟ್ಟುವುದು ಇಲ್ಲಿ. ರಾಜ್ಯದಲ್ಲಿ 1ನೇ ತರಗತಿಗೆ ಸೇರಲು ಆ ವರ್ಷದ ಜೂನ್ 1ಕ್ಕೆ ಮಗುವಿಗೆ 6 ವರ್ಷ ತುಂಬಿರಬೇಕು ಎಂಬ ಆದೇಶ 2022ರಲ್ಲಿ ಬಂತು. 2025-26ಕ್ಕೆ ಮಾತ್ರ, ಯುಕೆಜಿ ಮುಗಿಸಿದ ಮಕ್ಕಳಿಗೆ 5 ವರ್ಷ 5 ತಿಂಗಳು ಸಾಕೆಂದು ಸಡಿಲಿಸಲಾಯಿತು. 6 ವರ್ಷದ ಲೆಕ್ಕವನ್ನೇ ಹಿಂದಕ್ಕೆ ಹಾಕಿದರೆ ಯುಕೆಜಿಗೆ 5, ಎಲ್‌ಕೆಜಿಗೆ 4 ವರ್ಷ.

ಒಂದು ಉದಾಹರಣೆ ನೋಡಿ. 2022ರ ಮೇ ತಿಂಗಳಲ್ಲಿ ಹುಟ್ಟಿದ ಮಗುವಿಗೆ 2026ರ ಜೂನ್ 1ಕ್ಕೆ 4 ತುಂಬಿರುತ್ತದೆ. ಆ ವರ್ಷವೇ ಎಲ್‌ಕೆಜಿ, 2028ರಲ್ಲಿ 1ನೇ ತರಗತಿ. ಅದೇ ವರ್ಷದ ಆಗಸ್ಟ್‌ನಲ್ಲಿ ಹುಟ್ಟಿದ ಮಗುವಿಗೆ 2026ರ ಜೂನ್‌ನಲ್ಲಿ 3 ವರ್ಷ 9 ತಿಂಗಳು ಮಾತ್ರ. ಅದು ಇನ್ನೊಂದು ವರ್ಷ ಅಂಗನವಾಡಿಯಲ್ಲಿದ್ದು 2027ರಲ್ಲಿ ಎಲ್‌ಕೆಜಿಗೆ ಹೋಗಬೇಕು. ಅವಸರಪಟ್ಟು ಮೂರೂವರೆಗೇ ಎಲ್‌ಕೆಜಿಗೆ ದೂಡಿದರೆ ಯುಕೆಜಿ ಮುಗಿದ ಮೇಲೆ ವಯಸ್ಸು ಸಾಲದೆ ಮಗು ಅಲ್ಲೇ ಮತ್ತೊಂದು ವರ್ಷ ಕೂರಬೇಕಾದೀತು. ಸಡಿಲಿಕೆ, ತಿದ್ದುಪಡಿ ವರ್ಷದಿಂದ ವರ್ಷಕ್ಕೆ ಬರುತ್ತಿರುವುದರಿಂದ ಸೇರಿಸುವ ಮೊದಲು ಆ ವರ್ಷದ ಸುತ್ತೋಲೆಯನ್ನು ಮುಖ್ಯ ಶಿಕ್ಷಕರ ಬಳಿ ಕೇಳಿ ಓದಿ.

ಇದರಿಂದ ಒಂದು ವಿಷಯ ಸ್ಪಷ್ಟವಾಗುತ್ತದೆ. ಮೂರರಿಂದ ನಾಲ್ಕು ವರ್ಷದವರೆಗೆ ಸರಕಾರಿ ವ್ಯವಸ್ಥೆಯಲ್ಲಿ ಮಗುವಿನ ಜಾಗ ಅಂಗನವಾಡಿಯೇ. ಆ ವರ್ಷ ಹೋಲಿಸುವುದಿದ್ದರೆ ಹತ್ತಿರದ ಎರಡು ಅಂಗನವಾಡಿಗಳನ್ನು ಹೋಲಿಸಿ. ಅಂಗನವಾಡಿಯೋ ಎಲ್‌ಕೆಜಿಯೋ ಎಂಬ ಪ್ರಶ್ನೆ ಏಳುವುದು ನಾಲ್ಕು ತುಂಬಿದ ಮೇಲೆ.

ಮಳೆಗಾಲದಲ್ಲಿ ದಾರಿ ನೋಡಿ

ಮೇ ತಿಂಗಳ ಬಿಸಿಲಿನಲ್ಲಿ ಎಲ್ಲ ದಾರಿಗಳೂ ಚೆನ್ನಾಗಿ ಕಾಣುತ್ತವೆ. ಜುಲೈಯಲ್ಲಿ ಅದೇ ತೋಡು ತುಂಬಿ ಹರಿಯುತ್ತದೆ, ಅಡಿಕೆ ಮರದ ಕಾಲುಸಂಕ ಪಾಚಿ ಹಿಡಿದು ಜಾರುತ್ತದೆ, ರಸ್ತೆ ಬದಿಯ ಬರೆ ಕುಸಿಯುತ್ತದೆ. ಸುಳ್ಯ, ಕಡಬದ ಕಾಡಂಚಿನ ಊರುಗಳಲ್ಲಿ ಆನೆಯ ಓಡಾಟವೂ ಇದೆ. ಹಾಗಾಗಿ ಹೋಲಿಕೆಯ ಮೊದಲ ಸಾಲು ಇದಾಗಿರಲಿ: ಜಡಿಮಳೆ ಬರುವ ದಿನ ಈ ಮಗುವನ್ನು ಯಾರು, ಹೇಗೆ ಕರೆದುಕೊಂಡು ಹೋಗುತ್ತಾರೆ, ಯಾರು ವಾಪಸ್ ತರುತ್ತಾರೆ?

ಅಂಗನವಾಡಿ ನಡೆದು ಹೋಗುವಷ್ಟು ಹತ್ತಿರವಿದ್ದರೆ ಅದು ದೊಡ್ಡ ಅನುಕೂಲ. ಅಜ್ಜಿಯೇ ಬಿಟ್ಟುಬರಬಹುದು. ಜ್ವರ ಬಂದರೆ ಹತ್ತು ನಿಮಿಷದಲ್ಲಿ ಮನೆಗೆ ತರಬಹುದು. ಐದಾರು ಕಿಲೋಮೀಟರ್ ದೂರದ ಎಲ್‌ಕೆಜಿಗೆ ಜೀಪು, ರಿಕ್ಷಾ ಅಥವಾ ಓಮ್ನಿ ಬೇಕು. ಗಾಡಿಯಲ್ಲಿ ಎಷ್ಟು ಮಕ್ಕಳನ್ನು ತುಂಬುತ್ತಾರೆ, ಎಷ್ಟು ಹೊತ್ತು ಸುತ್ತುತ್ತದೆ, ಇಳಿದ ಜಾಗದಿಂದ ತರಗತಿವರೆಗೆ ಕೈ ಹಿಡಿಯುವವರು ಯಾರು ಎಂದು ಕೇಳಿಕೊಳ್ಳಿ. ಒಂದೂವರೆ ಗಂಟೆ ಗಾಡಿಯಲ್ಲೇ ಕಳೆಯುವ ನಾಲ್ಕರ ಮಗುವಿಗೆ ತರಗತಿಯಲ್ಲಿ ಉಳಿಯುವುದು ನಿದ್ದೆ ಮಾತ್ರ. ಭಾರಿ ಮಳೆಗೆ ಜಿಲ್ಲಾಡಳಿತ ರಜೆ ಸಾರುವಾಗ ಅಂಗನವಾಡಿಗಳಿಗೂ ಸೇರಿಸಿಯೇ ಸಾರುತ್ತದೆ. ಆದರೆ ಸುದ್ದಿ ನಿಮಗೆ ಮುಟ್ಟುವುದು ಹೇಗೆ? ಹೆತ್ತವರ ವಾಟ್ಸ್‌ಆ್ಯಪ್ ಗುಂಪು ಇದೆಯೇ ಎಂದು ವಿಚಾರಿಸಿ.

ಕಟ್ಟಡದ ಸುತ್ತ ಒಂದು ಸುತ್ತು ಹಾಕಿ. ಹಿಂದೆ ಗುಡ್ಡ ಕಡಿದ ಬರೆ ಇದೆಯೇ? ಬಾವಿಗೆ ಕಟ್ಟೆ, ಮುಚ್ಚಳ ಇದೆಯೇ? ಮಾಡು ಸೋರಿದ ಗುರುತು ಗೋಡೆಯಲ್ಲಿದೆಯೇ? ಶೌಚಾಲಯ ಮಕ್ಕಳ ಅಳತೆಯದೇ, ನೀರು ಬರುತ್ತದೆಯೇ, ಬೀಗ ಹಾಕಿ ಇಟ್ಟದ್ದೇ? ಕೇಂದ್ರ ಸರಕಾರ 2013ರಲ್ಲಿ ಒಪ್ಪಿದ ಶಿಶು ಶಿಕ್ಷಣ ನೀತಿಯ ಜತೆಗಿನ ಗುಣಮಟ್ಟದ ಅಳತೆಯಲ್ಲಿ 30 ಮಕ್ಕಳಿಗೆ ಕನಿಷ್ಠ 35 ಚದರ ಮೀಟರ್ ಕೊಠಡಿ, ಹೊರಗೆ ಆಡಲು ಕನಿಷ್ಠ 30 ಚದರ ಮೀಟರ್ ಜಾಗ, 20 ಮಕ್ಕಳಿಗೆ ಒಬ್ಬರು ದೊಡ್ಡವರು ಇರಬೇಕು ಎಂದಿದೆ. ಟೇಪು ಹಿಡಿಯುವುದು ಬೇಡ. ಆರು ಮೀಟರ್‌ಗೆ ಆರು ಮೀಟರ್ ಕೋಣೆ ಎಷ್ಟಿರುತ್ತದೆ ಎಂದು ಕಣ್ಣಂದಾಜಿದ್ದರೆ ಸಾಕು.

ಆ ಎರಡು ಗಂಟೆ

ಈಗ ಮುಖ್ಯ ಸಂಗತಿಗೆ ಬರೋಣ. ನೋಡಲು ಹೋಗುವ ದಿನ ಬೆಳಗ್ಗೆ 10ಕ್ಕೇ ಹೋಗಿ. ಅನುಮತಿ ಕೇಳಿ ಒಂದು ಮೂಲೆಯಲ್ಲಿ ಕೂತುಕೊಳ್ಳಿ. ಗಡಿಯಾರ ನೋಡುತ್ತಾ ಮನಸ್ಸಿನಲ್ಲೇ ಗುರುತು ಹಾಕಿಕೊಳ್ಳಿ: ಟೀಚರ್ ಎಷ್ಟು ಹೊತ್ತು ಮಕ್ಕಳ ನಡುವೆ ನೆಲದ ಮೇಲೆ ಕೂತಿದ್ದರು, ಎಷ್ಟು ಹೊತ್ತು ಪುಸ್ತಕ, ಮೊಬೈಲ್, ಫೋನ್ ಕರೆಗಳಲ್ಲಿ ಕಳೆದರು?

ಅಂಗನವಾಡಿ ಕಾರ್ಯಕರ್ತೆಯನ್ನು ತಪ್ಪುಗಾರ್ತಿಯಾಗಿ ನಿಲ್ಲಿಸಲು ಇದನ್ನು ಹೇಳುತ್ತಿಲ್ಲ. ಅವರ ಹೆಗಲ ಮೇಲೆ ಇರುವ ಭಾರ ನೋಡಿದರೆ ಗೌರವ ಹುಟ್ಟುತ್ತದೆ. ಗರ್ಭಿಣಿ, ಬಾಣಂತಿಯರ ನೋಂದಣಿ, ಮನೆ ಭೇಟಿ, ಆಹಾರದ ಲೆಕ್ಕ, ತೂಕದ ದಾಖಲೆ, ಸಮೀಕ್ಷೆಗಳು, 2021ರಿಂದ ‘ಪೋಷಣ್ ಟ್ರ್ಯಾಕರ್’ ಆ್ಯಪ್‌ಗೆ ದಿನವೂ ತುಂಬಬೇಕಾದ ಮಾಹಿತಿ. ಇಷ್ಟರ ನಡುವೆ ಅವರು ಟೀಚರೂ ಆಗಬೇಕು. ಕೇಂದ್ರ ಸರಕಾರ 2023ರ ಮೇ ತಿಂಗಳಲ್ಲಿ ಶುರು ಮಾಡಿದ ‘ಪೋಷಣ್ ಭೀ ಪಢಾಯಿ ಭೀ’ ಕಾರ್ಯಕ್ರಮ ದಿನಕ್ಕೆ ಕನಿಷ್ಠ 2 ಗಂಟೆ ಕಲಿಕೆಗೆ ಮೀಸಲಿಡಬೇಕೆಂದು ಹೇಳುತ್ತದೆ. ಆ ಎರಡು ಗಂಟೆ ನಿಮ್ಮ ಊರಿನಲ್ಲಿ ಉಳಿದಿದೆಯೇ ಎಂದು ನೋಡುವುದು ಹೆತ್ತವರ ಹಕ್ಕು.

ಅದು ಎಷ್ಟು ದೊಡ್ಡ ವ್ಯತ್ಯಾಸ ಮಾಡುತ್ತದೆ ಎಂಬುದಕ್ಕೆ ಪಕ್ಕದ ತಮಿಳುನಾಡಿನಲ್ಲೇ ಸಾಕ್ಷ್ಯವಿದೆ. ಅರ್ಥಶಾಸ್ತ್ರಜ್ಞರಾದ ಅಲೆಹಾಂದ್ರೊ ಗಾನಿಮಿಯಾನ್, ಕಾರ್ತಿಕ್ ಮುರಳೀಧರನ್, ಕ್ರಿಸ್ಟೋಫರ್ ವಾಲ್ಟರ್ಸ್ ಅಲ್ಲಿನ 640 ಅಂಗನವಾಡಿಗಳನ್ನು ತೆಗೆದುಕೊಂಡು, ಅರ್ಧದಷ್ಟು ಕೇಂದ್ರಗಳಿಗೆ ಕಲಿಸುವುದಕ್ಕೆಂದೇ ಅರ್ಧ ದಿನದ ಒಬ್ಬ ಹೆಚ್ಚುವರಿ ಸಿಬ್ಬಂದಿಯನ್ನು ಕೊಟ್ಟು ಫಲಿತಾಂಶ ನೋಡಿದರು. ಕಲಿಕೆಗೆ ಸಿಗುವ ಸಮಯ ಎರಡು ಪಟ್ಟಾಯಿತು. ಒಂದೂವರೆ ವರ್ಷದಲ್ಲಿ ಆ ಮಕ್ಕಳು ಲೆಕ್ಕದಲ್ಲೂ ಭಾಷೆಯಲ್ಲೂ ಮುಂದಿದ್ದರು. ಹಳೆಯ ಕಾರ್ಯಕರ್ತೆಗೆ ಪೌಷ್ಟಿಕತೆಯ ಕೆಲಸಕ್ಕೆ ಬಿಡುವು ಸಿಕ್ಕಿದ್ದರಿಂದ ಬೆಳವಣಿಗೆ ಕುಂಠಿತವಾದ ಮಕ್ಕಳ ಪ್ರಮಾಣವೂ ಇಳಿಯಿತು. ಹೊಸ ಕಟ್ಟಡ ಬಂದಿರಲಿಲ್ಲ, ಮಾಧ್ಯಮ ಬದಲಾಗಿರಲಿಲ್ಲ. ಮಗುವಿನೊಟ್ಟಿಗೆ ಕೂರಲು ಒಬ್ಬರು ಹೆಚ್ಚು ಸಿಕ್ಕಿದ್ದರು, ಅಷ್ಟೆ.

ಸರಿ, ಏನನ್ನು ನೋಡಬೇಕು? ಮಕ್ಕಳು ಮಾತಾಡುತ್ತಿದ್ದಾರೆಯೇ ಅಥವಾ ಕೈಕಟ್ಟಿ ಬಾಯಿಗೆ ಬೆರಳಿಟ್ಟು ಕೂತಿದ್ದಾರೆಯೇ ನೋಡಿ. ಒಂದು ಕಥೆ ಹೇಳಿದರೇ? ಕಥೆಯ ನಡುವೆ ‘ಮತ್ತೆ ಏನಾಯಿತು ಹೇಳು’ ಎಂದು ಮಕ್ಕಳನ್ನು ಕೇಳಿದರೇ? ಹಾಡಿಗೆ ಮೈ ಕುಣಿಸಿದರೇ? ಹುಣಸೆಬೀಜ, ಅಡಿಕೆ, ಎಲೆ, ಕಡ್ಡಿ ಎಣಿಸಿ ಜೋಡಿಸುವ ಕೆಲಸ ಇತ್ತೇ? ಆಟಿಕೆಗಳು ಮಕ್ಕಳ ಕೈಗೆ ಎಟಕುವಂತಿವೆಯೇ, ಕಪಾಟಿನ ಗಾಜಿನೊಳಗೆ ಹೊಸದಾಗಿಯೇ ಉಳಿದಿವೆಯೇ? ಹೊರಗೆ ಮಣ್ಣಿನಲ್ಲಿ ಬಿಟ್ಟರೇ? ಅಳುವ ಮಗುವನ್ನು ಎತ್ತಿಕೊಂಡರೇ, ಗದರಿಸಿದರೇ? ರಾಜ್ಯದ ಅಂಗನವಾಡಿಗಳಲ್ಲಿ ‘ಚಿಲಿಪಿಲಿ’ ಎಂಬ ಚಟುವಟಿಕೆ ಆಧಾರಿತ ಪಠ್ಯಕ್ರಮವಿದೆ. ಈ ವಾರ ಅದರಲ್ಲಿ ಏನು ನಡೆಯುತ್ತಿದೆ ಎಂದು ಕೇಳಿ. ತಟ್ಟನೆ ಉತ್ತರ ಬಂದರೆ ಪುಸ್ತಕ ಬಳಕೆಯಲ್ಲಿದೆ ಎಂದರ್ಥ.

ಎಲ್‌ಕೆಜಿಯಲ್ಲಿ ಇದೇ ಪರೀಕ್ಷೆಯನ್ನು ಇನ್ನೂ ಕಟ್ಟುನಿಟ್ಟಾಗಿ ಮಾಡಿ. ಅಲ್ಲಿ ಬೇರೆ ಕೆಲಸಗಳ ಹೊರೆ ಇಲ್ಲದ ಟೀಚರ್ ಇರುತ್ತಾರೆ, ಅದು ಅನುಕೂಲ. ಆದರೆ ಬೆಂಚಿನ ಮೇಲೆ ಸಾಲಾಗಿ ಕೂರಿಸಿ ನಾಲ್ಕರ ಮಗುವಿನಿಂದ ಎ, ಬಿ, ಸಿ, ಡಿಯನ್ನು ಪುಟಗಟ್ಟಲೆ ಬರೆಸುವ ಅಭ್ಯಾಸ ಅಲ್ಲಿಗೆ ಬೇಗ ನುಸುಳುತ್ತದೆ. ಹೆತ್ತವರು ಅದನ್ನೇ ಕೇಳುತ್ತಾರೆಂದು ಟೀಚರ್ ಬರೆಸುತ್ತಾರೆ. ಬೆರಳಿನ ಸ್ನಾಯು ಗಟ್ಟಿಯಾಗದ ಮಗುವಿಗೆ ಮಣ್ಣು ನಾದುವುದು, ಹೂ ಪೋಣಿಸುವುದು, ಹರಿದು ಅಂಟಿಸುವುದು ಬರವಣಿಗೆಯ ನಿಜವಾದ ತಯಾರಿ. ಫಿನ್‌ಲ್ಯಾಂಡಿನಂಥ ದೇಶದಲ್ಲಿ ಶಾಲೆಯ ಮೊದಲ ತರಗತಿ ಶುರುವಾಗುವುದೇ ಏಳನೇ ವರ್ಷಕ್ಕೆ.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಶಿವರಾಮ ಕಾರಂತರು ಪುತ್ತೂರಿನ ಪರ್ಲಡ್ಕದ ಗುಡ್ಡದಲ್ಲಿ ‘ಬಾಲವನ’ ಕಟ್ಟಿ, ಆಡುತ್ತಾ, ನೋಡುತ್ತಾ, ಕೈಯಿಂದ ಮಾಡುತ್ತಾ ಮಕ್ಕಳು ಕಲಿಯಲಿ ಎಂದು ಪ್ರಯೋಗ ನಡೆಸಿದ್ದು 1930ರ ದಶಕದಲ್ಲಿ. ಮಕ್ಕಳಿಗೆಂದೇ ಅವರು ‘ಬಾಲಪ್ರಪಂಚ’ವನ್ನು ಬರೆದದ್ದೂ ಅದೇ ದಶಕದಲ್ಲಿ. ಆಟವೇ ಪಾಠ ಎಂಬ ಮಾತು ನಮ್ಮ ಊರಿಗೆ ಹೊರಗಿನಿಂದ ಬಂದದ್ದಲ್ಲ. ಯಾವುದಾದರೂ ಟೀಚರ್ ಮಕ್ಕಳನ್ನು ಅಂಗಳಕ್ಕೆ ಬಿಟ್ಟು ಹಾಳೆ ಎಳೆಯುವ ಆಟ ಆಡಿಸುತ್ತಿದ್ದರೆ ‘ಇವರು ಏನೂ ಕಲಿಸುವುದಿಲ್ಲ’ ಎಂದು ಹಿಂದೆ ಬರಬೇಡಿ.

ಮನೆಮಾತು ಅರ್ಥವಾಗುತ್ತದೆಯೇ?

ಈ ಮೂರು ತಾಲೂಕುಗಳಲ್ಲಿ ಒಂದು ಹೊಸ್ತಿಲು ದಾಟಿದರೆ ಮಾತು ಬದಲಾಗುತ್ತದೆ. ಹೆಚ್ಚಿನ ಮನೆಗಳಲ್ಲಿ ತುಳು. ಸುಳ್ಯದ ಕಡೆ ಗೌಡರ ಅರೆಭಾಷೆ. ಬ್ಯಾರಿ, ಹವ್ಯಕ ಕನ್ನಡ, ಕೊಂಕಣಿ, ಮರಾಠಿ. ಕೇರಳದ ಗಡಿಗೆ ಹತ್ತಿರವಾದಂತೆ ಮಲಯಾಳಂ. 1964ರ ಸಿರಿಮಾವೊ-ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದು ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆಸಿದ ಕುಟುಂಬಗಳ ತಮಿಳು. ಅಂಗನವಾಡಿಗೆ ಕಾಲಿಟ್ಟ ದಿನ ಈ ಮಕ್ಕಳಲ್ಲಿ ಬಹುಪಾಲಿಗೆ ಶಾಲೆಯ ಕನ್ನಡವೇ ಹೊಸತು.

‘ಬಂಜಿ ಬೇನೆ’ ಎಂದು ಅಳುವ ಮಗುವಿಗೆ ಹೊಟ್ಟೆನೋವು ಎಂದು ಟೀಚರಿಗೆ ಕೂಡಲೇ ತಿಳಿಯಬೇಕು. ‘ನೀರ್ ಬೋಡು’ ಎಂದಾಗ ನೀರು ಸಿಗಬೇಕು. ಕಾರ್ಯಕರ್ತೆ, ಸಹಾಯಕಿ ಇಬ್ಬರೂ ಸಾಮಾನ್ಯವಾಗಿ ಅದೇ ಊರಿನವರಾದ್ದರಿಂದ ಅಂಗನವಾಡಿಯ ದೊಡ್ಡ ಬಲ ಇದೇ. ಮನೆಮಾತಿನಲ್ಲಿ ಉತ್ತರಿಸಿ, ಅದರ ಜತೆಗೇ ಕನ್ನಡದ ಪದ ಸೇರಿಸುತ್ತಾ ಹೋಗುವ ಟೀಚರ್ ಸಿಕ್ಕಿದರೆ ಮಗು ಆರು ತಿಂಗಳಲ್ಲಿ ಎರಡೂ ಭಾಷೆಯಲ್ಲಿ ಹರಟುತ್ತದೆ. ಎಲ್‌ಕೆಜಿಯಲ್ಲಿ ಇಂಗ್ಲಿಷ್ ಇದ್ದರೆ ಬೇಡವೆನ್ನಬೇಕಾಗಿಲ್ಲ. ಆದರೆ ಮನೆಮಾತು ಆಡಿದರೆ ಗದರಿಸುವ ಪದ್ಧತಿ ಅಲ್ಲಿದೆಯೇ ನೋಡಿ. ಹಾಗೆ ಗದರಿಸಿಕೊಂಡ ಮಗು ಮೊದಲು ಕಲಿಯುವುದು ಬಾಯಿ ಮುಚ್ಚುವುದನ್ನು.

ಮಾಧ್ಯಮದ ಬಗ್ಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಯುಕೆಜಿ ಮುಗಿದ ಮೇಲೆ ಅದೇ ಶಾಲೆಯ 1ನೇ ತರಗತಿ ಯಾವ ಮಾಧ್ಯಮದ್ದು? 2019-20ರಿಂದ ಕೆಲವು ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳಿವೆ, ಉಳಿದವು ಕನ್ನಡ ಮಾಧ್ಯಮದವು. ಎರಡು ವರ್ಷ ಒಂದು ಭಾಷೆಯಲ್ಲಿ ಕಲಿತು ಮೂರನೇ ವರ್ಷ ಇನ್ನೊಂದಕ್ಕೆ ಜಿಗಿಯುವ ಸ್ಥಿತಿ ಬಾರದಿರಲಿ.

ತಟ್ಟೆ ಮತ್ತು ತೂಕ

ಊಟ ಮತ್ತು ಆರೋಗ್ಯದಲ್ಲಿ ಅಂಗನವಾಡಿ ಎಲ್‌ಕೆಜಿಗಿಂತ ಮುಂದಿದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಗುವಿಗೆ ಅಂಗನವಾಡಿಯ ಉಚಿತ ಆಹಾರವನ್ನು ಹಕ್ಕಾಗಿಸಿದೆ. ಕಾಯ್ದೆಯ ಮೂಲ ಪಟ್ಟಿಯಲ್ಲಿ ಮೂರರಿಂದ ಆರು ವರ್ಷದವರಿಗೆ ದಿನಕ್ಕೆ 500 ಕಿಲೊಕ್ಯಾಲರಿ, 12ರಿಂದ 15 ಗ್ರಾಂ ಪ್ರೋಟೀನ್ ಸಿಗಬೇಕು ಎಂದಿತ್ತು. ಅಪೌಷ್ಟಿಕತೆ ಇರುವ ಮಗುವಿಗೆ 800 ಕಿಲೊಕ್ಯಾಲರಿ ಎಂದಿತ್ತು. 2013ರ ಆಗಸ್ಟ್‌ನಲ್ಲಿ ಶುರುವಾದ ಕ್ಷೀರಭಾಗ್ಯದ 150 ಮಿಲಿಲೀಟರ್ ಹಾಲು, ವಾರಕ್ಕೆ ಎರಡು ದಿನ ಮೊಟ್ಟೆ ಇವೂ ಸೇರುತ್ತವೆ. ಅಡುಗೆಯ ಹೊತ್ತಿಗೆ ಹೋದರೆ ಸಾರಿನಲ್ಲಿ ಬೇಳೆ, ತರಕಾರಿ ಎಷ್ಟಿದೆ, ಕುಡಿಯುವ ನೀರು ಕುದಿಸಿದ್ದೇ, ಊಟಕ್ಕೆ ಮೊದಲು ಸಾಬೂನು ಹಾಕಿ ಕೈ ತೊಳೆಸುತ್ತಾರೆಯೇ ಎಂದು ತಿಳಿಯುತ್ತದೆ.

ತೂಕ, ಎತ್ತರ ಅಳೆದು ದಾಖಲಿಸುವುದೂ ಅಂಗನವಾಡಿಯ ಕೆಲಸ. ನಿಮ್ಮ ಮಗುವಿನ ದಾಖಲೆಯನ್ನು ತಿಂಗಳಿಗೊಮ್ಮೆ ಕೇಳಿ ನೋಡಿ. ಐದು ವರ್ಷದೊಳಗಿನ ಮಗುವಿನ ತೋಳಿನ ನಡುಭಾಗದ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದರೆ ಅದು ತೀವ್ರ ಅಪೌಷ್ಟಿಕತೆಯ ಸೂಚನೆ, ಕೂಡಲೇ ವೈದ್ಯರಿಗೆ ತೋರಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಶಾಲೆಗೆ ಒಂದು ಸಲ ಬರಬೇಕು. ಹೃದಯ, ಕಿವಿ, ಕಣ್ಣು, ಮಾತಿನ ತೊಂದರೆಗಳನ್ನು ಬೇಗ ಗುರುತಿಸುವುದೇ ಆ ಭೇಟಿಯ ಉದ್ದೇಶ. ಆ ದಿನ ಮಗುವನ್ನು ತಪ್ಪಿಸಬೇಡಿ.

ಶಾಲೆಯ ಮಧ್ಯಾಹ್ನದೂಟದ ಯೋಜನೆ 2021ರಲ್ಲಿ ‘ಪಿಎಂ ಪೋಷಣ್’ ಆದಾಗ ಸರಕಾರಿ ಶಾಲೆಗಳ ಪೂರ್ವ ಪ್ರಾಥಮಿಕ ಮಕ್ಕಳನ್ನೂ ಸೇರಿಸಲಾಯಿತು. ಆದರೂ ಊರವರು ನಡೆಸುವ ಎಲ್‌ಕೆಜಿಯಲ್ಲಿ ಊಟ ಉಂಟೇ, ಹಾಲು ಉಂಟೇ, ಅಥವಾ ಬುತ್ತಿ ಕಟ್ಟಬೇಕೇ ಎಂದು ಬಾಯಿಬಿಟ್ಟು ಕೇಳಿ. ಬೆಳಗ್ಗೆ ಗಂಜಿ ಕುಡಿದು ಬರುವ, ತಾಯಿ ರಬ್ಬರ್ ಟ್ಯಾಪಿಂಗಿಗೆ ನಸುಕಿನಲ್ಲೇ ಹೊರಡುವ ಮನೆಯ ಮಗುವಿಗೆ ಈ ಊಟ ದೊಡ್ಡ ಆಧಾರ.

ವಿಶೇಷ ಅಗತ್ಯದ ಮಗುವಿದ್ದರೆ

ಗೇರು ತೋಟಗಳ ಎಂಡೋಸಲ್ಫಾನ್ ಸಿಂಪಡಣೆಯ ಗಾಯ ಈ ನೆಲದಲ್ಲಿ ಇನ್ನೂ ಮಾಸಿಲ್ಲ. ಕಡಬ ತಾಲೂಕಿನ ಕೊಯಿಲದಲ್ಲಿ ಎಂಡೋಸಲ್ಫಾನ್ ಪೀಡಿತರ ಪಾಲನಾ ಕೇಂದ್ರವಿದೆ. ಮಗುವಿನ ನಡೆ, ಮಾತು, ಕೇಳುವಿಕೆ ತಡವಾಗಿದ್ದರೆ ‘ದೊಡ್ಡವನಾದಾಗ ಸರಿಯಾದೀತು’ ಎಂದು ಕಾಯಬೇಡಿ. ಅಂಗನವಾಡಿಯಲ್ಲಿ ಹೆಸರು ಬರೆಸಿ, ಆರೋಗ್ಯ ತಪಾಸಣೆ ಮಾಡಿಸಿ. ಅಂಗನವಾಡಿಯ ಬಾಗಿಲು ಎಲ್ಲ ಮಕ್ಕಳಿಗೂ ತೆರೆದಿರಬೇಕು. ಇಳಿಜಾರಿನ ದಾರಿ ಇದೆಯೇ, ಸಹಾಯಕಿ ಕೈಹಿಡಿದು ಕರೆದೊಯ್ಯುವಷ್ಟು ಮಕ್ಕಳ ಸಂಖ್ಯೆ ಮಿತಿಯಲ್ಲಿದೆಯೇ ನೋಡಿ. ಇಪ್ಪತ್ತೈದು ಮಕ್ಕಳ ಎಲ್‌ಕೆಜಿಗಿಂತ ಹತ್ತು ಮಕ್ಕಳ ಅಂಗನವಾಡಿ ಇಂಥ ಮಗುವಿಗೆ ಹೆಚ್ಚು ಹಿತ.

ದುಡ್ಡು ಮತ್ತು ಬಾಳಿಕೆ

ಅಂಗನವಾಡಿ ಪೂರ್ತಿ ಉಚಿತ. ಊರವರು ನಡೆಸುವ ಎಲ್‌ಕೆಜಿಯಲ್ಲಿ ಟೀಚರ ಗೌರವಧನಕ್ಕೆಂದು ಸ್ವಲ್ಪ ಸಂಗ್ರಹಿಸುವುದಿದೆ. ಅದರಲ್ಲಿ ತಪ್ಪಿಲ್ಲ, ಆದರೆ ರಶೀದಿ ಕೇಳಿ. ಜತೆಗೆ ನಾಲ್ಕು ಪ್ರಶ್ನೆ: ಟೀಚರ ಗೌರವಧನ ಎಲ್ಲಿಂದ ಬರುತ್ತದೆ? ಮುಂದಿನ ವರ್ಷಕ್ಕೂ ಖಾತ್ರಿಯಿದೆಯೇ? ಕಳೆದ ಮೂರು ವರ್ಷಗಳಲ್ಲಿ ಎಷ್ಟು ಟೀಚರುಗಳು ಬದಲಾದರು? ಅವರಿಗೆ ಚಿಕ್ಕ ಮಕ್ಕಳಿಗೆ ಕಲಿಸುವ ತರಬೇತಿ ಆಗಿದೆಯೇ? ವರ್ಷಕ್ಕೊಬ್ಬ ಟೀಚರ್ ಬದಲಾಗುವಲ್ಲಿ ಮಗು ಪ್ರತಿ ಜೂನ್‌ನಲ್ಲಿ ಹೊಸದಾಗಿ ಅಳಬೇಕಾಗುತ್ತದೆ. ಅಂಗನವಾಡಿಯಲ್ಲೂ ಇಂಥದೇ ಪ್ರಶ್ನೆ ಇದೆ: ಕಾರ್ಯಕರ್ತೆ ಮೀಟಿಂಗಿಗೆ, ಸಮೀಕ್ಷೆಗೆ ಹೋದ ದಿನ ಮಕ್ಕಳನ್ನು ನೋಡುವವರು ಯಾರು? ಸಹಾಯಕಿಯ ಹುದ್ದೆ ಖಾಲಿ ಇದ್ದರೆ ಆ ಕೇಂದ್ರ ಒಂಟಿ ಕಾಲಿನಲ್ಲಿ ನಿಂತಂತೆ.

ಹಾಗಾದರೆ ತೀರ್ಮಾನ?

ಮೂರು ತುಂಬಿದ ಮಗುವಿಗೆ ಹತ್ತಿರದ, ನಗುಮುಖದ ಅಂಗನವಾಡಿ. ಇದರಲ್ಲಿ ನನಗೆ ಅನುಮಾನವಿಲ್ಲ. ನಾಲ್ಕು ತುಂಬಿದ ಮೇಲೆ ಹೀಗೆ ಯೋಚಿಸಿ. ಕೆಪಿಎಸ್ ಅಥವಾ ಸರಕಾರಿ ಶಾಲೆಯ ಎಲ್‌ಕೆಜಿ ಮನೆಗೆ ಹತ್ತಿರವಿದ್ದು, ಟೀಚರ್ ನೆಲೆ ನಿಂತವರಾಗಿದ್ದು, ಅಲ್ಲಿ ಆಟ, ಕಥೆ, ಊಟ ಮೂರೂ ಇದ್ದರೆ ಅದು ಒಳ್ಳೆಯ ಆಯ್ಕೆ. ಅದೇ ಅಂಗಳದಲ್ಲಿ 1ನೇ ತರಗತಿ ಸಿಗುವುದರಿಂದ ಮಗುವಿಗೆ ಜಾಗ ಹೊಸತಾಗುವುದಿಲ್ಲ. ಎಲ್‌ಕೆಜಿ ದೂರವಿದ್ದು, ಬರೆಸುವುದೇ ಪಾಠವಾಗಿದ್ದು, ಟೀಚರ್ ವರ್ಷಕ್ಕೊಮ್ಮೆ ಬದಲಾಗುತ್ತಿದ್ದರೆ ಆರು ತುಂಬುವವರೆಗೆ ಅಂಗನವಾಡಿಯಲ್ಲೇ ಇರಿಸಿ ನೇರ 1ನೇ ತರಗತಿಗೆ ತಯಾರಿ ಮಾಡಿಸಬಹುದು. ಶಾಲೆಯ ಕಾಂಪೌಂಡಿನೊಳಗೇ ಅಂಗನವಾಡಿ ಇರುವ ಕಡೆ ಹೆತ್ತವರಿಗೆ ಎರಡೂ ಸಿಕ್ಕಂತೆ.

ಇನ್ನೊಂದು ಸಂಗತಿಯನ್ನು ಊರಿನವರಾಗಿ ನಾವು ಮರೆಯಬಾರದು. 2024ರಲ್ಲಿ ಸರಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವುದನ್ನು ವಿರೋಧಿಸಿ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿನಲ್ಲಿ ಹೋರಾಟ ಮಾಡಿದರು. ನಾಲ್ಕು ತುಂಬಿದ ಮಕ್ಕಳೆಲ್ಲ ಹೊರಟರೆ ಅಂಗನವಾಡಿ ಖಾಲಿಯಾಗುತ್ತದೆ ಎಂಬ ಅವರ ಆತಂಕದಲ್ಲಿ ಹುರುಳಿದೆ. ಸುಪ್ರೀಂ ಕೋರ್ಟ್ 2022ರ ಎಪ್ರಿಲ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರಿಗೆ ಗ್ರಾಚ್ಯುಟಿಯ ಹಕ್ಕಿದೆ ಎಂದಾಗ, ಅವರು ಶಿಕ್ಷಣ ಹಕ್ಕು ಕಾಯ್ದೆ ಹೇಳುವ ಶಾಲಾಪೂರ್ವ ಶಿಕ್ಷಣವನ್ನೇ ನಡೆಸುತ್ತಿದ್ದಾರೆ ಎಂಬುದನ್ನೂ ಗುರುತಿಸಿತ್ತು. ಅವರು ಟೀಚರುಗಳೇ. ನಮ್ಮ ಊರಿನಲ್ಲಿ ಅವರನ್ನು ಮೊದಲಿನಿಂದಲೂ ಹಾಗೆಯೇ ಕರೆಯುತ್ತೇವೆ.

ಆದ್ದರಿಂದ ಕೊರತೆ ಕಂಡ ಕೂಡಲೇ ಮಗುವನ್ನು ಎಬ್ಬಿಸಿಕೊಂಡು ಹೋಗುವ ಮೊದಲು ಒಮ್ಮೆ ಸರಿಪಡಿಸಲು ನೋಡಿ. ಪ್ರತಿ ಅಂಗನವಾಡಿಗೂ ಬಾಲವಿಕಾಸ ಸಮಿತಿ ಇದೆ, ಅದರಲ್ಲಿ ಹೆತ್ತವರಿಗೆ ಜಾಗವಿದೆ. ಶಾಲೆಗೆ ಎಸ್‌ಡಿಎಂಸಿ. ಕಟ್ಟಡ, ನೀರು, ಕಾಲುಸಂಕದ ಕೆಲಸಕ್ಕೆ ಗ್ರಾಮಸಭೆ. ಮೇಲ್ವಿಚಾರಕಿಗೆ, ನಂತರ ಶಿಶು ಅಭಿವೃದ್ಧಿ ಯೋಜನಾಧಿಕಾರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ. ಕಡಬ ಈಚೆಗೆ ಪುತ್ತೂರು, ಸುಳ್ಯದ ಗ್ರಾಮಗಳನ್ನು ಸೇರಿಸಿ ಆದ ತಾಲೂಕು. ಸುಬ್ರಹ್ಮಣ್ಯವೂ ಈಗ ಅದರಲ್ಲೇ ಇದೆ. ಹಾಗಾಗಿ ಅಲ್ಲಿನವರು ತಮ್ಮ ಕೇಂದ್ರ ಯಾವ ಕಚೇರಿಗೆ ಸೇರಿದ್ದೆಂದು ಕಾರ್ಯಕರ್ತೆಯನ್ನೇ ಕೇಳಿ ನಂತರ ಹೊರಡಿ, ಒಂದು ಬಸ್ಸಿನ ದುಡ್ಡು ಉಳಿಯುತ್ತದೆ. ಮಗುವಿನ ಮೇಲೆ ಕೈ ಮಾಡಿದಂಥ ಗಂಭೀರ ವಿಷಯವಾದರೆ ಮಕ್ಕಳ ಸಹಾಯವಾಣಿ 1098 ಇದೆ.

ಸೇರಿಸುವಾಗ ಜನನ ಪ್ರಮಾಣಪತ್ರ, ತಾಯಿ ಕಾರ್ಡ್, ಆಧಾರ್ ಪ್ರತಿ ಜತೆಗಿರಲಿ. ಮೊದಲ ವಾರ ಅಳು ಇದ್ದೇ ಇರುತ್ತದೆ. ಅದನ್ನು ಆ ಕೇಂದ್ರದ ದೋಷವೆಂದು ಬರೆದುಕೊಳ್ಳಬೇಡಿ.

ಸಂಜೆ ಮಗು ಮನೆಗೆ ಬಂದಾಗ ‘ಏನು ಬರೆದೆ?’ ಎಂದು ಕೇಳಬೇಡಿ. ‘ಇವತ್ತು ಯಾರೊಟ್ಟಿಗೆ ಆಡಿದೆ? ಟೀಚರ್ ಏನು ಕಥೆ ಹೇಳಿದರು?’ ಎಂದು ಕೇಳಿ. ಎರಡು ವಾರ ಕಳೆದ ಮೇಲೂ ಈ ಪ್ರಶ್ನೆಗೆ ಉತ್ತರವೇ ಇಲ್ಲದಿದ್ದರೆ ಇನ್ನೊಮ್ಮೆ ಬೆಳಗ್ಗೆ 10ಕ್ಕೆ ಹೋಗಿ ಕೂತು ನೋಡಬೇಕಾಗುತ್ತದೆ. ಮಗು ಕೈಕಾಲು ಆಡಿಸುತ್ತಾ ಅರ್ಧ ತುಳು, ಅರ್ಧ ಕನ್ನಡದಲ್ಲಿ ನರಿಯ ಕಥೆಯನ್ನು ನಿಮಗೇ ಹೇಳಲು ಶುರು ಮಾಡಿದರೆ, ಬೋರ್ಡಿನ ಮೇಲೆ ಏನೇ ಬರೆದಿರಲಿ, ನೀವು ಸರಿಯಾದ ಕಡೆಗೇ ಹಾಕಿದ್ದೀರಿ.